ಈ ಕಟ್ಟೆ ಯಾರದ್ದು ಸ್ವಾಮಿ?

ಮೊನ್ನೆ ಭಾನುವಾರ ಬೆಳಿಗ್ಗೆ ಸಫಿಲ್‌ಗುಡ ಕೆರೆ ಏರಿ ಮೇಲೆ ವಾಕಿಂಗ್ ಮಾಡ್ತಾ ಇದ್ದಾಗ ಊರಿಂದ ಫೋನ್ ಬಂತು. ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು. ಕ್ಷೇಮ ಸಮಾಚಾರ ಎಲ್ಲ ಒಂದು ನಿಮಿಷದಲ್ಲಿ ಮುಗಿಸಿ ವಿಷಯಕ್ಕೆ ಬಂದ.

"ನೋಡಪ್ಪಾ, ಆ ಕಟ್ಟೆ ಮುಚ್ಚಿಸಿಬಿಡೋಣ ಅಂತಿದೀವಿ. ಜೇಸಿಬಿಯವನು ರೇಟು ಹೇಳಿದಾನೆ. ನಿಂದೂ ಪಾಲಿದೆಯಲ್ಲ, ಒಂದು ಸಹಿ ಬೇಕು. ಬರ್ತೀಯಾ, ಇಲ್ಲಾ ನಾನೇ ಪೇಪರ್ ಕಳಿಸ್ಲಾ?"

"ಯಾಕಣ್ಣಾ, ಇದ್ದರೆ ಇರಲಿ ಬಿಡು, ಅದೇನು ಅನ್ನ ಕೇಳುತ್ತಾ?" ಅಂದೆ.

"ಕೇಳುತ್ತೆ ಕಣಪ್ಪಾ. ಕೇಳೋದು ನಿನಗೆ ಕೇಳ್ಸಲ್ಲ ಅಷ್ಟೆ" ಅಂದ.

ಆ ಮಾತು ನಾಲ್ಕು ದಿನದಿಂದ ತಲೆಯಲ್ಲಿ ಕೊರೀತಾ ಇದೆ. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ಮೊದಲು ಕಟ್ಟೆಯ ಪರಿಚಯ ಮಾಡಿಕೊಡ್ತೀನಿ. ಶಿರಾ ಸೀಮೆಯ ನಮ್ಮ ಹೊಲದ ಮೂಲೆಯಲ್ಲಿ ಎರಡು ದಿಬ್ಬಗಳ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಹರಿಯುತ್ತಿತ್ತು ಅಂದರೆ ವರ್ಷಕ್ಕೆ ಹತ್ತು ದಿನ. 1940ರ ದಶಕದಲ್ಲಿ ನಮ್ಮ ತಾತ ಅದಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿದರು. ಸುಮಾರು ನೂರು ಗಜ ಉದ್ದ, ಮಧ್ಯದಲ್ಲಿ ಹನ್ನೆರಡು ಅಡಿ ಎತ್ತರ. ಅರ್ಧ ಅಡಿ ಮಣ್ಣು ಹಾಕೋದು, ನೀರು ಚಿಮುಕಿಸೋದು, ಕುರಿ ಮಂದೆಯನ್ನ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸೋದು, ಮತ್ತೆ ಅರ್ಧ ಅಡಿ ಮಣ್ಣು. ರೋಲರ್ ಇಲ್ಲದ ಕಾಲದಲ್ಲಿ ಕುರಿ ಕಾಲೇ ರೋಲರ್. ಒಂದು ಬದಿಗೆ ಬಂಡೆ ಸೀಳಿ ಕೋಡಿ ಮಾಡಿಸಿದ್ದರು. ಒಂದು ಸಣ್ಣ ತೂಬು. ತುಂಬಿದರೆ ಒಂದೂವರೆ ಎಕರೆ ನೀರು.

ದೊಡ್ಡಪ್ಪನ ಕಾಲಕ್ಕೆ ಬೋರ್‌ವೆಲ್ ಬಂತು, ತೂಬು ಮುಚ್ಚಿಕೊಂಡಿತು. ಕಟ್ಟೆ ನೀರು ಯಾರಿಗೂ ಬೇಡವಾಯಿತು. ಅವತ್ತಿನಿಂದ ಅದು ಬೇರೆಯವರ ಪಾಲಾಯಿತು. ಗುಳುಮುಳುಕ ಬಂತು, ನಾಮದ ಕೋಳಿ ಬಂತು. ಬೇಸಿಗೆಯಲ್ಲಿ ನೀರು ಇಳಿದು ಕೆಸರು ತೇಲಿದಾಗ ಉದ್ದ ಕಾಲಿನ ಹಕ್ಕಿಗಳು ಸಾಲಾಗಿ ನಿಂತು ಹುಳು ಆರಿಸುತ್ತಿದ್ದವು. ಸಂಜೆ ನವಿಲು, ಮೊಲ, ರಾತ್ರಿ ನರಿ, ಕಾಡುಹಂದಿ. ಬೆಳಿಗ್ಗೆ ಹೋದರೆ ಕೆಸರಿನ ಮೇಲೆ ಹೆಜ್ಜೆ ಗುರುತುಗಳು ಹಾಜರಿ ಪುಸ್ತಕದ ಹಾಗೆ ಕಾಣುತ್ತಿದ್ದವು. ರಜೆಯಲ್ಲಿ ಹೋದಾಗ ದೊಡ್ಡಪ್ಪ ಅದನ್ನ ನನಗೆ ಓದಿ ಹೇಳುತ್ತಿದ್ದರು, "ನೋಡು, ಇವನು ನಿನ್ನೆ ಇಬ್ಬರು ಮಕ್ಕಳನ್ನ ಕರ್ಕೊಂಡು ಬಂದಿದ್ದ" ಅಂತ.

ನಾನು ಸಿಕಂದರಾಬಾದಿಗೆ ಬಂದು ಮೂವತ್ತನಾಲ್ಕು ವರ್ಷ ಆಯಿತು. ಇಲ್ಲಿ ಕೂತುಕೊಂಡು ನನಗೆ ಕಾಣೋದು ಈ ಹೆಜ್ಜೆ ಗುರುತು ಮಾತ್ರ. ಅಣ್ಣನಿಗೆ ಕಾಣೋದು ಬೇರೆ. 2022ರ ಮಳೆಯಲ್ಲಿ ನೀರು ಏರಿಯ ತುದಿಗೆ ಒಂದು ಗೇಣು ಉಳಿದಿತ್ತಂತೆ. ಕೋಡಿಯಲ್ಲಿ ಹೂಳು, ಬಳ್ಳಾರಿ ಜಾಲಿ ಬೆಳೆದು ನೀರು ಸರಿಯಾಗಿ ಹೋಗುತ್ತಿರಲಿಲ್ಲ. ಏರಿ ಬುಡದಲ್ಲಿ ಒಂದು ಕಡೆ ನೀರು ಒಸರುತ್ತಿತ್ತು. ತಾತನ ಕಾಲದಲ್ಲಿ ಕೆಳಗೆ ಬರೀ ಹೊಲ. ಈಗ ಅಲ್ಲಿ ರಸ್ತೆ, ರಸ್ತೆ ಪಕ್ಕ ಹನ್ನೊಂದು ಮನೆ. ಆ ರಾತ್ರಿ ಅಣ್ಣ ಟಾರ್ಚ್ ಹಿಡಿದುಕೊಂಡು ಬೆಳಗಿನ ತನಕ ಏರಿ ಮೇಲೆ ನಿಂತಿದ್ದನಂತೆ. ಆಗ ನಾನು ಇಲ್ಲಿ ಬಿಸಿ ಬಿಸಿ ಬಜ್ಜಿ ತಿಂತಾ "ಊರ ಕಡೆ ಒಳ್ಳೆ ಮಳೆಯಂತೆ" ಅಂತ ಖುಷಿ ಪಡ್ತಾ ಇದ್ದೆ.

ಹಾಗಾಗಿ "ಪರಿಸರ ಉಳಿಸಿ" ಅಂತ ಒಂದು ಭಾಷಣ ಮಾಡಿ ಕೈತೊಳೆದುಕೊಳ್ಳೋ ಹಾಗಿಲ್ಲ.

ಲೆಕ್ಕ ಹಾಕಿ ನೋಡಿದೆ. ಒಂದೂವರೆ ಎಕರೆ, ಸರಾಸರಿ ಐದಡಿ ಆಳ ಅಂದರೆ ಸುಮಾರು 90 ಲಕ್ಷ ಲೀಟರ್. ಸಿಕಂದರಾಬಾದಿನವರಿಗೆ ಅರ್ಥವಾಗೋ ಹಾಗೆ ಹೇಳಬೇಕಂದ್ರೆ 10 ಸಾವಿರ ಲೀಟರಿನ 900 ಟ್ಯಾಂಕರ್. ಅದೆಲ್ಲ ಒಟ್ಟಿಗೆ ಅರ್ಧ ಗಂಟೆಯಲ್ಲಿ ಹನ್ನೊಂದು ಮನೆಗಳ ಮೇಲೆ ಬಂದರೆ? "ಸಣ್ಣ ಕಟ್ಟೆ" ಅನ್ನೋದು ನಾವು ಮೇಲಿನಿಂದ ನೋಡಿ ಹೇಳೋ ಮಾತು. ಕೆಳಗಿರೋರಿಗೆ ಯಾವ ಕಟ್ಟೆಯೂ ಸಣ್ಣದಲ್ಲ.

ಇದು ಹೈದರಾಬಾದಿನವರಿಗೆ ಗೊತ್ತಿರಬೇಕಾದ ಪಾಠ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಆಮೇಲೆ ನಿಜಾಮರು ನಮ್ಮ ವಿಶ್ವೇಶ್ವರಯ್ಯನವರನ್ನ ಕರೆಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಕಥೆ ಎಲ್ಲರಿಗೂ ಗೊತ್ತು. ಅವರು ಕೊಟ್ಟ ಇನ್ನೊಂದು ಲೆಕ್ಕ ಅಷ್ಟಾಗಿ ಯಾರಿಗೂ ನೆನಪಿಲ್ಲ. ಮೂಸಿಯ ಜಲಾನಯನದಲ್ಲಿ ಆಗ 788 ಕೆರೆಗಳಿದ್ದವು, ಆ ಮಳೆಗೆ ಅದರಲ್ಲಿ 221 ಒಡೆದುಹೋದವು. ಮೇಲಿನ ಕುಂಟೆ ಒಡೆದರೆ ಅದರ ನೀರು ಕೆಳಗಿನ ಕೆರೆಗೆ, ಅದು ತಡೆಯದೆ ಒಡೆದರೆ ಅದರ ಕೆಳಗಿನದಕ್ಕೆ. ನಮ್ಮ ದಖ್ಖನಿನ ಕೆರೆಗಳೆಲ್ಲ ಹೀಗೆ ಸರಪಳಿ. ಒಂದು ಕೊಂಡಿ ಕಳಚಿದರೆ ಕೆಳಗಿನ ಅಷ್ಟೂ ಕೊಂಡಿಗಳ ಮೇಲೆ ಭಾರ.

ನೂರು ವರ್ಷದ ಹಿಂದಿನ ಮಾತು ಬಿಡಿ. 2020ರ ಅಕ್ಟೋಬರಿನಲ್ಲಿ ನಾವೆಲ್ಲ ಕಣ್ಣಾರೆ ನೋಡಿದೆವಲ್ಲ. 13ನೇ ತಾರೀಖಿನ ಮಳೆಗೆ ಗಗನ್‌ಪಹಾಡಿನ ಅಪ್ಪಾ ಚೆರುವು ಒಡೆಯಿತು. ನಾಲ್ಕು ದಿನ ಬಿಟ್ಟು ಬಾಲಾಪುರದ ಗುರ್ರಂ ಚೆರುವು ಒಡೆದು ಹಾಫಿಜ್ ಬಾಬಾ ನಗರ ಮುಳುಗಿತು. ಸಿಕಂದರಾಬಾದ್ ಕಡೆ ನಮ್ಮ ಮಲ್ಕಾಜಗಿರಿಯ ಕಾಲೋನಿಗಳಲ್ಲೂ ಮನೆಯೊಳಗೆ ನೀರು. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಮಣ್ಣಿನ ಅಣೆಕಟ್ಟು ಒಡೆದು ಸುಮಾರು ಇಪ್ಪತ್ತು ಜನ ಕೊಚ್ಚಿಹೋದರು. ಏರಿ ಸೋರುತ್ತಿದೆ ಅಂತ ಊರವರು ಮೊದಲೇ ಹೇಳಿದ್ದರು. ಒಡೆದ ಮೇಲೆ ಮಂತ್ರಿಗಳೊಬ್ಬರು "ಏಡಿಗಳೇ ಕಾರಣ" ಅಂದುಬಿಟ್ಟರು! ದೇಶವೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಸ್ವಾಮಿ, ಏಡಿ, ಹೆಗ್ಗಣ ಏರಿಯಲ್ಲಿ ಬಿಲ ತೋಡೋದು ಸುಳ್ಳಲ್ಲ. ಬಿಲ ಮುಚ್ಚಬೇಕಾದ ಮನುಷ್ಯ ಎಲ್ಲಿ ಹೋಗಿದ್ದ ಅನ್ನೋದು ಪ್ರಶ್ನೆ.

ಇವೆಲ್ಲ ಸರ್ಕಾರಿ ಕೆರೆಗಳು, ಖಾಸಗಿಯವಲ್ಲ ಅಂತೀರಾ? ಕೆನ್ಯಾದ ಸೊಲಾಯಿಯಲ್ಲಿ 2018ರ ಮೇ 9ರ ರಾತ್ರಿ ಒಡೆದದ್ದು ಒಂದು ದೊಡ್ಡ ತೋಟದ ಖಾಸಗಿ ಮಣ್ಣಿನ ಅಣೆಕಟ್ಟು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಮಣ್ಣಿಗೆ ಸರ್ಕಾರಿ, ಖಾಸಗಿ ಅನ್ನೋ ಭೇದ ಗೊತ್ತಿಲ್ಲ.

ಹಾಗಾದರೆ ಮುಚ್ಚಿಬಿಡೋದೇ ಸರಿಯೇ? ಇಲ್ಲಿ ನನ್ನ ತಕರಾರಿದೆ.

ಮೊದಲನೆಯದು, ಕಟ್ಟೆ ಮುಚ್ಚಬಹುದು, ಹಳ್ಳ ಮುಚ್ಚೋಕಾಗಲ್ಲ. ಎರಡು ದಿಬ್ಬಗಳ ನೀರು ಅಲ್ಲಿಗೇ ಬರಬೇಕು. ಈಗ ಅದು ಕಟ್ಟೆಯಲ್ಲಿ ನಿಂತು, ಸುಸ್ತಾಗಿ, ಕೋಡಿಯಿಂದ ನಿಧಾನಕ್ಕೆ ಹೋಗುತ್ತೆ. ಮುಚ್ಚಿದ ಮೇಲೆ ನಿಲ್ಲದೆ ನೇರ ಅದೇ ಹನ್ನೊಂದು ಮನೆಗಳ ಕಡೆ ಓಡುತ್ತೆ. ಬೇಕಾದರೆ ಹೈದರಾಬಾದಿಗೆ ಬಂದು ನೋಡಿ. ಇಲ್ಲಿ ಎಷ್ಟು ಬಡಾವಣೆಗಳ ಹೆಸರಿನ ಕೊನೆಗೆ "ಕುಂಟ" ಅಂತಿದೆ! ಮಾಸಬ್ ಟ್ಯಾಂಕ್ ಅಂತ ಬಸ್ ಸ್ಟಾಪಿದೆ, ಟ್ಯಾಂಕ್ ಹುಡುಕಿ. ಕೆರೆ ಹೋಯಿತು, ಹೆಸರು ಉಳಿಯಿತು. ಜೋರು ಮಳೆ ಬಂದ ದಿನ ನೀರು ತನ್ನ ಹಳೇ ವಿಳಾಸ ಹುಡುಕಿಕೊಂಡು ಬರುತ್ತೆ.

ಅಂಬರಪೇಟೆಯ ಬತುಕಮ್ಮಕುಂಟ ನೋಡಿ. ಕಸ, ಮಣ್ಣು, ಮುರಿದ ಕಟ್ಟಡಗಳ ಅವಶೇಷ ತುಂಬಿ ಬಯಲಾಗಿಬಿಟ್ಟಿತ್ತು. ಅಲ್ಲೊಂದು ಕುಂಟೆ ಇತ್ತು ಅನ್ನೋದನ್ನ ನಂಬೋಕೇ ಆಗುತ್ತಿರಲಿಲ್ಲ. 2024ರ ಜುಲೈನಲ್ಲಿ ಹುಟ್ಟಿದ ಹೈಡ್ರಾ ಸಂಸ್ಥೆಯವರು 2025ರಲ್ಲಿ ಅಲ್ಲಿ ಅಗೆಯಲು ಶುರು ಮಾಡಿದರೆ ಕೆಲವೇ ಅಡಿಗಳಲ್ಲಿ ನೀರು ಉಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬತುಕಮ್ಮ ಹಬ್ಬಕ್ಕೆ ಸರಿಯಾಗಿ ಕುಂಟೆ ಮತ್ತೆ ಜನರಿಗೆ ಸಿಕ್ಕಿತು. ಹೈಡ್ರಾ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಕಾಗದ ಸರಿಯಿದೆ ಅಂತ ನಂಬಿ ಮನೆ ಕಟ್ಟಿಕೊಂಡವರ ಕಣ್ಣೀರೂ ನಿಜ. ಆದರೆ ಮುಚ್ಚೋದಕ್ಕೆ ಆದ ಖರ್ಚು, ತೆಗೆಯೋದಕ್ಕೆ ಆದ ಖರ್ಚು, ನಡುವೆ ಕೋರ್ಟಿನ ಖರ್ಚು, ಎಲ್ಲ ಸೇರಿಸಿದರೆ ಮೊದಲೇ ಉಳಿಸಿಕೊಳ್ಳೋದು ಎಷ್ಟು ಅಗ್ಗ!

ಎರಡನೆಯದು ಜೀವಜಂತುಗಳ ಮಾತು. "ಹಕ್ಕಿಗೇನು, ಪಕ್ಕದ ಊರಿನ ದೊಡ್ಡ ಕೆರೆಗೆ ಹೋಗುತ್ತೆ" ಅಂತಾನೆ ಅಣ್ಣ. ಹೋಗಲ್ಲ. ಸಣ್ಣ ಕಟ್ಟೆಗೆ ಅದರದೇ ಗುಣ ಇದೆ. ಇಳಿಜಾರು ದಡ, ಮೊಣಕಾಲುದ್ದ ನೀರು, ತುಂಬೋದು ಮತ್ತು ಒಣಗೋದು. ಈ ಏರಿಳಿತದಿಂದಲೇ ಕೆಸರಂಚು ಹುಟ್ಟುತ್ತೆ, ಅದರಿಂದಲೇ ಹುಳ, ಹುಳದಿಂದ ಹಕ್ಕಿ. ನಮ್ಮ ನಗರದ ಕೆರೆಗಳಲ್ಲಿ ವರ್ಷಪೂರ್ತಿ ಒಂದೇ ಮಟ್ಟದ ನೀರು. ಮಳೆ ನೀರಲ್ಲ, ಚರಂಡಿಯದ್ದು. ಸುತ್ತ ಕಲ್ಲು ಕಟ್ಟಿ, ರೇಲಿಂಗ್ ಹಾಕಿ, ಲೈಟ್ ಹಾಕಿ "ಸುಂದರೀಕರಣ" ಮಾಡಿದ ಮೇಲೆ ಕೆಸರಂಚು ಎಲ್ಲಿಂದ ಬರಬೇಕು? ನನ್ನಂಥವರಿಗೆ ವಾಕಿಂಗ್ ಟ್ರ್ಯಾಕ್ ಸಿಕ್ಕಿತು, ಒಪ್ಪಿದೆ. ಕಾಲೂರೋ ಜಾಗ ಹಕ್ಕಿಗೆ ಹೋಯಿತು.

ಕೃಷಿ ಹೊಂಡ ಇದಕ್ಕೆ ಬದಲಿ ಅಲ್ಲ. ನಮ್ಮ ಕಡೆ ಕೃಷಿ ಭಾಗ್ಯ ಬಂದ ಮೇಲೆ ಪ್ರತಿ ಹೊಲಕ್ಕೊಂದು ಹೊಂಡ ಆಗಿದೆ. ರೈತನಿಗೆ ಅನುಕೂಲ ಆಗಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕಡಿದಾದ ಗೋಡೆ, ಅದರ ಮೇಲೆ ಜಾರೋ ಪ್ಲಾಸ್ಟಿಕ್. ನೀರು ಕುಡಿಯೋಕೆ ಇಳಿದ ಪ್ರಾಣಿ ಹತ್ತಿ ಬರೋಕಾಗದೆ ಅಲ್ಲೇ ಸಾಯುತ್ತೆ.

ಸಣ್ಣ ನೀರು ಅಂದ ಕೂಡಲೆ ನನಗೆ ನೆನಪಾಗೋದು ಮಳವಳ್ಳಿ ತಾಲೂಕಿನ ದಾಸನದೊಡ್ಡಿಯ ಕಾಮೇಗೌಡರು. ಕುರಿ ಕಾಯುತ್ತಿದ್ದ ಮನುಷ್ಯ. ಕುಂದೂರು ಬೆಟ್ಟದಲ್ಲಿ ಹಕ್ಕಿ, ಪ್ರಾಣಿಗಳಿಗೆ ಕುಡಿಯೋಕೆ ನೀರಿಲ್ಲ ಅಂತ ಕುರಿ ಮಾರಿದ ದುಡ್ಡಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನ ತೋಡಿಸಿದರು. 2020ರ ಜೂನ್ 28ರಂದು ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಾವು ಇಂಥವರಿಗೆ ಶಾಲು ಹೊದಿಸ್ತೀವಿ, ಹಾರ ಹಾಕ್ತೀವಿ. ಆದರೆ ಅವರು ಹೋದ ಮೇಲೆ ಆ ಕಟ್ಟೆಗಳ ಹೂಳು ಯಾರು ತೆಗೀಬೇಕು ಅನ್ನೋದನ್ನ ಕೇಳೋದು ಮರೀತೀವಿ. ಕಟ್ಟೆ ಕಟ್ಟೋದು ಒಬ್ಬನ ಹಠದಿಂದ ಆಗುತ್ತೆ, ಉಳಿಸೋದಕ್ಕೆ ಹಠ ಸಾಲದು, ಏರ್ಪಾಡು ಬೇಕು.

ಈಗ ಕಾನೂನು ಏನು ಹೇಳುತ್ತೆ ಅಂತ ಹುಡುಕಿದೆ. ರಿಟೈರ್ ಆದವನಿಗೆ ಇನ್ನೇನು ಕೆಲಸ!

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯ ಆಗೋದು 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರ್ ಇದ್ದರೆ ಉದ್ದ, ನೀರಿನ ಪ್ರಮಾಣ ಇತ್ಯಾದಿ ಷರತ್ತುಗಳಿವೆ. ನಮ್ಮದು ನಾಲ್ಕು ಮೀಟರೂ ಇಲ್ಲ. ಹೋಗಲಿ, ಜೌಗು ಪ್ರದೇಶದ ಲೆಕ್ಕದಲ್ಲಿ ಬರುತ್ತಾ? 2017ರಲ್ಲಿ ಸುಪ್ರೀಂ ಕೋರ್ಟು ಕಾಪಾಡಿ ಅಂತ ಹೇಳಿದ್ದು ಇಸ್ರೋ ನಕ್ಷೆಯಲ್ಲಿರೋ 2,01,503 ಜೌಗು ಪ್ರದೇಶಗಳನ್ನ. ಅವು 2.25 ಹೆಕ್ಟೇರಿಗಿಂತ ದೊಡ್ಡವು, ಅಂದರೆ ಸುಮಾರು ಐದೂವರೆ ಎಕರೆ. ಅದಕ್ಕಿಂತ ಸಣ್ಣವು 5,55,557 ಇವೆ ಅಂತ ಅದೇ ನಕ್ಷೆ ಹೇಳುತ್ತೆ, ಬರೀ ಚುಕ್ಕಿಗಳ ಲೆಕ್ಕದಲ್ಲಿ. ನಮ್ಮ ಕಟ್ಟೆ ಇದ್ದರೆ ಆ ಚುಕ್ಕಿಗಳಲ್ಲೊಂದು. ಕರ್ನಾಟಕದ 2014ರ ಕೆರೆ ಸಂರಕ್ಷಣಾ ಕಾಯ್ದೆ? ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಂತ ನಮೂದಾಗಿದ್ದರೆ ಅದರ ವ್ಯಾಪ್ತಿಗೆ. ನಮ್ಮ ಪಹಣಿಯಲ್ಲಿ ಆ ಜಾಗಕ್ಕೆ "ಖುಷ್ಕಿ" ಅಂತಿದೆ. ಎಂಬತ್ತು ವರ್ಷದಿಂದ ನೀರು ನಿಲ್ಲೋ ಜಾಗ ಸರ್ಕಾರದ ಪುಸ್ತಕದಲ್ಲಿ ಒಣಭೂಮಿ!

ಇದೇನೋ ನಮ್ಮೊಬ್ಬರ ಸಮಸ್ಯೆ ಅಂದುಕೊಂಡಿದ್ದೆ. ಅಲ್ಲ. ಕೇಂದ್ರದ ಜಲಶಕ್ತಿ ಮಂತ್ರಾಲಯ 2023ರಲ್ಲಿ ದೇಶದ ಮೊದಲ ಜಲಮೂಲಗಳ ಗಣತಿ ಹೊರತಂದಿತು. ಒಟ್ಟು 24,24,540 ಜಲಮೂಲಗಳು. ಅದರಲ್ಲಿ ಶೇಕಡಾ 55.2 ಖಾಸಗಿಯವು. ಅರ್ಧಕ್ಕಿಂತ ಜಾಸ್ತಿ! ನಾವು ಕೆರೆ ಅಂದ ಕೂಡಲೆ ಸರ್ಕಾರ, ಒತ್ತುವರಿ, ಹೋರಾಟ ಅಂತ ಮಾತಾಡ್ತೀವಿ. ದೇಶದ ಅರ್ಧಕ್ಕಿಂತ ಹೆಚ್ಚು ಜಲಮೂಲಗಳು ನಮ್ಮಣ್ಣನಂಥವರ ಕೈಯಲ್ಲಿವೆ. ಅವರಿಗೆ ನಾವು ಹೇಳೋದು ಒಂದೇ, "ಮುಚ್ಚಬೇಡ". ಅದನ್ನ ಇಟ್ಟುಕೊಳ್ಳೋಕೆ ಸಹಾಯ ಮಾಡ್ತೀವಿ ಅಂತ ಯಾರೂ ಹೇಳಲ್ಲ.

ನಮ್ಮ ಹಿರಿಯರು ಹೇಳಿದ್ದರು. ಅದೇ ವಿಶೇಷ. ಶಾಸನಗಳಲ್ಲಿ "ಕಟ್ಟುಕೊಡಗೆ", "ಬಿತ್ತುವಟ್ಟ", "ದಶವಂದ" ಅನ್ನೋ ಪದಗಳು ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಅದನ್ನ ನೋಡಿಕೊಳ್ಳೋನಿಗೆ ಕೊಡುತ್ತಿದ್ದ ಭೂಮಿ, ಆದಾಯದ ಪಾಲು ಇವೆಲ್ಲ. ತೆಲುಗು ಸೀಮೆಯಲ್ಲೂ ದಶಬಂಧ ಇನಾಮು ಅಂತ ಇದೇ ಪದ್ಧತಿ. ಕೆರೆ ಕಟ್ಟಿಸೋದನ್ನ ಸಪ್ತಸಂತಾನದಲ್ಲಿ ಒಂದು ಅಂದರು, ಅಂದರೆ ಮಗು ಹೆತ್ತ ಹಾಗೆ. ಆದರೆ ಬರೀ ಪುಣ್ಯದ ಮಾತು ಹೇಳಿ ಸುಮ್ಮನಾಗಲಿಲ್ಲ. ಪುಣ್ಯ ಪರಲೋಕಕ್ಕೆ, ಕೊಡಗೆ ಈ ಲೋಕಕ್ಕೆ. ಹೂಳೆತ್ತೋ ಬಂಡಿಗೆ ಎತ್ತು ಬೇಕಲ್ಲ, ಎತ್ತಿಗೆ ಹುಲ್ಲು ಬೇಕಲ್ಲ. ನೀರುಗಂಟಿಗೆ ಕಾಳು ಬೇಕಲ್ಲ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯದ್ದು. ಎರಡು ವರ್ಷ, ಸಾವಿರ ಜನ ಕೂಲಿ, ನೂರು ಬಂಡಿ ಅಂತ ಲೆಕ್ಕ ಇದೆ. ಒಳ್ಳೆ ಕೆರೆಗೆ ಹನ್ನೆರಡು ಅಂಗಗಳು, ಕೆಟ್ಟ ಕೆರೆಗೆ ಆರು ದೋಷಗಳು ಅಂತಲೂ ಹೇಳಿದ್ದಾರೆ. ಒಂದು ದೋಷ ಏರಿಯಲ್ಲಿ ನೀರು ಒಸರೋದು. ಇನ್ನೊಂದು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು. ಇದನ್ನ ಓದಿ ನಗು ಬಂತು. ನಮ್ಮ ಕಟ್ಟೆಗೆ ಎರಡೂ ದೋಷ! ಒಸರೂ ಇದೆ, ಅಣ್ಣತಮ್ಮಂದಿರ ಪಾಲಿನ ಗಡಿಯೂ ಇದೆ.

ಹೊರಗಿನವರು ಏನು ಮಾಡ್ತಾರೆ? ಬ್ರಿಟನ್ನಿನ ವೇಲ್ಸಿನಲ್ಲಿ 1925ರಲ್ಲಿ ಡಾಲ್ಗಾರಗ್ ಅನ್ನೋ ಊರಿನ ಮೇಲೆ ಅಣೆಕಟ್ಟು ಒಡೆದ ಮೇಲೆ ಕಾನೂನು ತಂದರು. ಈಗಿನದು 1975ರ ಕಾಯ್ದೆ. ಇಂಗ್ಲೆಂಡಿನಲ್ಲಿ 25 ಸಾವಿರ ಘನ ಮೀಟರಿಗಿಂತ ದೊಡ್ಡದಕ್ಕೆ, ವೇಲ್ಸಿನಲ್ಲಿ 2016ರಿಂದ 10 ಸಾವಿರಕ್ಕೇ ಅದು ಅನ್ವಯ. ಖಾಸಗಿಯವರದ್ದಾದರೂ ಬಿಡಲ್ಲ. ಒಡೆದರೆ ಜೀವಕ್ಕೆ ಅಪಾಯ ಅಂತ ಗುರುತಾದ ಕಡೆ ಹತ್ತು ವರ್ಷಕ್ಕೊಮ್ಮೆಯಾದರೂ ಪರಿಣತ ಎಂಜಿನಿಯರ್ ಬಂದು ನೋಡಬೇಕು. ನಮ್ಮದು 9 ಸಾವಿರ ಘನ ಮೀಟರ್. ವೇಲ್ಸಿನಲ್ಲಿದ್ದರೂ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಿತ್ತು, ಅದು ಬೇರೆ ಮಾತು.

ಆದರೆ ಆ ಪದ್ಧತಿಯನ್ನ ಹಾಗೇ ಇಲ್ಲಿಗೆ ತಂದರೆ ಕೆಲಸ ಕೆಡುತ್ತೆ. ನಾಳೆ "ಖಾಸಗಿ ಕಟ್ಟೆ ಇರೋರೆಲ್ಲ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ದಂಡ" ಅಂತ ಆದೇಶ ಬಂದರೆ, ಮರುದಿನವೇ ಅಷ್ಟೂ ಕಟ್ಟೆಗಳಿಗೆ ಜೇಸಿಬಿ ನುಗ್ಗುತ್ತೆ. ಯಾರಿಗೆ ಬೇಕು ರಗಳೆ? ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮೊದಲು ಕೊಡಗೆ, ಆಮೇಲೆ ಕಟ್ಟಳೆ.

ಗ್ರಾಮ ಪಂಚಾಯ್ತಿಯಲ್ಲಿ ಖಾಸಗಿ ಕಟ್ಟೆಗಳದ್ದೊಂದು ಪುಸ್ತಕ ಇರಲಿ. ಹೆಸರು ಬರೆಸಿದವನ ಜಮೀನು ಸರ್ಕಾರಕ್ಕೆ ಹೋಗಲ್ಲ ಅಂತ ಲಿಖಿತವಾಗಿ ಕೊಡಲಿ, ಯಾಕೆಂದರೆ ರೈತನ ದೊಡ್ಡ ಭಯ ಅದೇ. ಐದು ವರ್ಷಕ್ಕೊಮ್ಮೆ ಸಣ್ಣ ನೀರಾವರಿಯ ಎಂಜಿನಿಯರ್ ಬಂದು ಏರಿ, ಕೋಡಿ ನೋಡಿ ಹೋಗಲಿ, ಸರ್ಕಾರದ ಖರ್ಚಿನಲ್ಲಿ. ಹೂಳೆತ್ತೋದಕ್ಕೆ ತೆಲಂಗಾಣ ಸರ್ಕಾರ 2015ರಲ್ಲಿ ಮಿಷನ್ ಕಾಕತೀಯ ಅಂತ ಶುರು ಮಾಡಿ 46 ಸಾವಿರಕ್ಕೂ ಹೆಚ್ಚು ಕೆರೆಗಳ ಗುರಿ ಇಟ್ಟುಕೊಂಡಿತ್ತಲ್ಲ, ಅಂಥದ್ದರಲ್ಲಿ ಈ ಕಟ್ಟೆಗಳಿಗೂ ಒಂದು ಪಾಲು ಇರಲಿ. ಏರಿಯನ್ನ ಸುಸ್ಥಿತಿಯಲ್ಲಿಟ್ಟು, ಬೇಸಿಗೆಯಲ್ಲಿ ಪಂಪ್ ಹಚ್ಚಿ ತಳ ಬಳಿಯದೆ ಪ್ರಾಣಿಗಳಿಗೆ ನೀರು ಬಿಟ್ಟವನಿಗೆ ವರ್ಷಕ್ಕೆ ಇಷ್ಟು ಅಂತ ಕೊಡಲಿ. ಮತ್ತೆ, ಏರಿಯ ಕೆಳಗೆ ನೀರಿನ ದಾರಿಯಲ್ಲಿ ಸೈಟು ಮಾಡೋದಕ್ಕೆ ಮಾತ್ರ ಯಾರಿಗೂ ಅನುಮತಿ ಕೊಡಬಾರದು. ತಾತ ಕಟ್ಟಿದಾಗ ಕಟ್ಟೆ ಅಪಾಯಕಾರಿ ಆಗಿರಲಿಲ್ಲ. ಕೆಳಗೆ ಮನೆಗಳಿಗೆ ಲೈಸೆನ್ಸ್ ಕೊಟ್ಟ ದಿನ ಅಪಾಯಕಾರಿ ಆಯಿತು.

ದೊಡ್ಡ ಖರ್ಚಿನ ಕೆಲಸವೇನಲ್ಲ ಇದು. ಗೆಳೆಯರೊಬ್ಬರು ಇಲ್ಲಿ ನೀರಾವರಿ ಇಲಾಖೆಯಲ್ಲಿದ್ದವರು, ಈಗ ನನ್ನ ಹಾಗೇ ವಾಕಿಂಗ್ ಗಿರಾಕಿ. ಅವರನ್ನ ಕೇಳಿದೆ. ಮಣ್ಣಿನ ಏರಿ ಸಾಮಾನ್ಯವಾಗಿ ಒಡೆಯೋದು ಎರಡು ಕಾರಣಕ್ಕೆ ಅಂದರು. ಒಂದು, ನೀರು ಏರಿಯ ನೆತ್ತಿ ಹತ್ತಿ ಆಚೆ ಬೀಳೋದು. ಇನ್ನೊಂದು, ಒಳಗೊಳಗೇ ಮಣ್ಣು ಕೊಚ್ಚಿಕೊಂಡು ಕೊಳವೆ ಆಗೋದು. "ಒಸರು ನೀರು ತಿಳಿಯಾಗಿದ್ದರೆ ಗಮನಿಸ್ತಾ ಇರಿ. ಕೆಂಪಗೆ ಬಂದರೆ ಏರಿಯ ಮಣ್ಣು ಹೋಗ್ತಾ ಇದೆ ಅಂತ ಅರ್ಥ, ಕೆಳಗಿನವರನ್ನ ಎಬ್ಬಿಸಿ." ಏರಿ ಮೇಲೆ ಮರ ಬೆಳೆಯಲು ಬಿಡಬಾರದು, ಬೇರು ಕೊಳೆತ ಜಾಗವೇ ನೀರಿಗೆ ದಾರಿ. ಗರಿಕೆ ಇದ್ದರೆ ಸಾಕು. ಏಡಿ, ಹೆಗ್ಗಣದ ಬಿಲಗಳನ್ನ ಬೇಸಿಗೆಯಲ್ಲೇ ಅಗೆದು ಗೋಡು ಮಣ್ಣು ಹಾಕಿ ಕುಟ್ಟಬೇಕು. ಎಲ್ಲಕ್ಕಿಂತ ಮುಖ್ಯ ಕೋಡಿ. ಕೋಡಿಯನ್ನ ಎರಡಡಿ ತಗ್ಗಿಸಿ ಅಗಲ ಮಾಡಿದರೆ ನಿಲ್ಲೋ ನೀರು ಕಮ್ಮಿಯಾಗುತ್ತೆ, ಏರಿ ಮೇಲಿನ ಭಾರ ಇಳಿಯುತ್ತೆ, ಮಳೆ ನೀರು ಸಲೀಸಾಗಿ ಹೋಗುತ್ತೆ.

ನನಗೆ ಹೊಳೆದದ್ದು ಇಲ್ಲೇ. ಎರಡಡಿ ತಗ್ಗಿದರೆ ಹಕ್ಕಿಗೇನು ನಷ್ಟ? ಅವಕ್ಕೆ ಬೇಕಾದ್ದು ಆಳವಲ್ಲ, ಅಂಚು. ಇಳಿಜಾರು ಇನ್ನೂ ಜಾಸ್ತಿ ತೇಲುತ್ತೆ. ಕೆಳಗಿನ ಹನ್ನೊಂದು ಮನೆಗೂ ಮೇಲಿನ ಗುಳುಮುಳುಕಕ್ಕೂ ಇರೋದು ಜಗಳ ಅಂತ ನಾವು ತಿಳಿದಿದ್ದೆವು. ಬಹುಪಾಲು ಅದು ಹೂಳು ತುಂಬಿದ ಕೋಡಿಯ ತಕರಾರು.

ನಿನ್ನೆ ಅಣ್ಣನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಕೋಡಿ ತಗ್ಗಿಸೋಣ, ಜಾಲಿ ತೆಗೆಸೋಣ, ಬಿಲ ಮುಚ್ಚಿಸೋಣ, ಖರ್ಚು ನನ್ನದು, ಮುಚ್ಚೋ ಪೇಪರಿಗೆ ಮಾತ್ರ ನಾನು ಸಹಿ ಹಾಕಲ್ಲ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರಿ ಕಣಪ್ಪಾ, ದುಡ್ಡು ಕಳಿಸ್ತೀಯ. ಮಾಡಿಸೋಣ. ಆದರೆ ಮಳೆಗಾಲದ ರಾತ್ರಿ ಟಾರ್ಚ್ ಹಿಡ್ಕೊಂಡು ಏರಿ ಮೇಲೆ ನಿಲ್ಲೋನು ಯಾರು? ನಂಗೀಗ ಎಪ್ಪತ್ತು ಮೀರ್ತು. ನನ್ನ ಮಗ ಬೆಂಗಳೂರಲ್ಲಿದಾನೆ, ನೀನು ಹೈದ್ರಾಬಾದಲ್ಲಿ" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲೆ ಪಂಚಾಯ್ತಿ, ಎಂಜಿನಿಯರ್, ಕೊಡಗೆ ಅಂತ ಇಷ್ಟೆಲ್ಲ ಬರೆದೆನಲ್ಲ, ಅದಕ್ಕೆ ಒಂದು ಸೇರಿಸ್ತೀನಿ. ನೀರುಗಂಟಿ ಬೇಕು. ನಾಲ್ಕೈದು ಕಟ್ಟೆಗಳಿಗೆ ಒಬ್ಬನಾದರೂ, ಮಳೆಗಾಲದ ನಾಲ್ಕು ತಿಂಗಳಾದರೂ, ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬ ಮನುಷ್ಯ. ಅವನಿಲ್ಲದೆ ಉಳಿದದ್ದೆಲ್ಲ ಕಾಗದ. ಎಲ್ಲ ಖಾಸಗಿ ಕಟ್ಟೆಗಳ ಕಥೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೆ ಅನ್ನಿಸುತ್ತೆ. ಹಕ್ಕು ಇರೋರು ಊರಲ್ಲಿಲ್ಲ, ಊರಲ್ಲಿರೋರಿಗೆ ಶಕ್ತಿ ಇಲ್ಲ.

ಇಲ್ಲಿ ತೆಲಂಗಾಣದಲ್ಲಿ ಕೆರೆ ಏರಿ ಕಾಯೋ ದೇವತೆಗೆ ಕಟ್ಟ ಮೈಸಮ್ಮ ಅಂತಾರೆ. ಸಫಿಲ್‌ಗುಡದಲ್ಲೂ ಅವಳ ಗುಡಿ ಇದೆ. ನಮ್ಮ ಕಡೆ ಏರಿ ಮೇಲಿನ ಮಾರಮ್ಮನ ಹಾಗೆ. ಬೋನಾಲು ದಿನ ಹೆಂಗಸರು ಮಡಕೆ ಹೊತ್ತು ಬರೋದನ್ನ ಮೂವತ್ತು ವರ್ಷದಿಂದ ನೋಡಿದ್ದೀನಿ. ಹಬ್ಬ ಅಂತ ತಿಳಿದಿದ್ದೆ. ಈಗ ಅನ್ನಿಸುತ್ತೆ, ಮಳೆಗಾಲದಲ್ಲಿ ಊರವರೆಲ್ಲ ಒಂದು ಸಲ ಏರಿ ಹತ್ತಿ ನೋಡಿ ಬರಲಿ ಅಂತ ಯಾರೋ ಬುದ್ಧಿವಂತರು ಮಾಡಿದ ಏರ್ಪಾಡು ಇರಬಹುದು.

ಸದ್ಯಕ್ಕೆ ಅಣ್ಣ ಜೇಸಿಬಿಯವನಿಗೆ ಮುಚ್ಚೋ ಕೆಲಸ ಬೇಡ, ಕೋಡಿ ಕೆಲಸ ಇದೆ ಅಂತ ಹೇಳಿದಾನೆ. ಒಂದು ವರ್ಷದ ಗಡುವು ಕೊಟ್ಟಿದಾನೆ ನನಗೆ. ಮಳೆ ಶುರುವಾದ ಮೇಲೆ ಒಂದೆರಡು ತಿಂಗಳು ಊರಲ್ಲೇ ಇರ್ತೀನಿ ಅಂತ ಹೇಳಿದ್ದೀನಿ. ಮನೆಯವಳು "ಈ ವಯಸ್ಸಲ್ಲಿ ರಾತ್ರಿ ಹೊತ್ತು ಏರಿ ಕಾಯೋಕೆ ಹೋಗ್ತಾರಂತೆ" ಅಂತ ಮಗಳಿಗೆ ಫೋನ್ ಮಾಡಿ ನಗ್ತಾ ಇದ್ದಾಳೆ.

ನಗಲಿ. ಒಳ್ಳೆ ಟಾರ್ಚ್ ಒಂದು ತಗೋಬೇಕು. ಸಂಜೆ ಜನರಲ್ ಬಜಾರಿನ ಕಡೆ ಹೋಗಿ ನೋಡ್ತೀನಿ.